ಮರ ಕಡಿಯದೆ ಹಾಲು ಇಳಿಸಿದ ಹಾಗೆ: ಜೀವಕೋಶ ಹೊರಗೆ ಕಳಿಸುವ ಹೊಳೆಯುವ ಸುದ್ದಿ

ಒಂದು ಹನಿ ನೀರು ಅಂದರೆ ಸುಮಾರು 50 ಮೈಕ್ರೋಲೀಟರ್. ಲ್ಯಾಬಿನಲ್ಲಿ ನಾನು ಒಂದು ಸಲಕ್ಕೆ ಎತ್ತುವುದು 20. ಅರ್ಧ ಹನಿಗಿಂತಲೂ ಕಮ್ಮಿ. ಪಿಪೆಟ್ಟಿನ ತುದಿಯಲ್ಲಿ ಅದು ಸಾಸಿವೆ ಕಾಳಿನ ಹಾಗೆ ಕಾಣುತ್ತದೆ. ನಾಲ್ಕು ಗಂಟೆಗೊಮ್ಮೆ ಹೋಗಿ, ಅಷ್ಟನ್ನು ಒಂದು ಪ್ಲೇಟಿನಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತೇನೆ.

ಹೋದ ವರ್ಷ ಬೆಳ್ತಂಗಡಿಯಿಂದ ಮಾವ ಕಣ್ಣು ತೋರಿಸಲಿಕ್ಕೆ ದೇರಳಕಟ್ಟೆಗೆ ಬಂದಿದ್ದರು. ಡಾಕ್ಟರ ಸರದಿ ಬರಲು ತಡ ಇತ್ತು. ನನ್ನ ಲ್ಯಾಬಿಗೂ ಬಂದರು. ಒಳಗೆ ಬಿಡುವ ಹಾಗಿಲ್ಲ, ಗಾಜಿನ ಆಚೆ ನಿಂತು ತುಂಬ ಹೊತ್ತು ನೋಡಿದರು. ನಾನು ಹೊರಗೆ ಬಂದ ಮೇಲೆ ಕೇಳಿದರು. "ಅಲ್ಲ ಮಗಾ, ಆಗಿನಿಂದ ನೀನು ಒಂದು ಕಡೆಯ ನೀರು ತೆಗೆದು ಇನ್ನೊಂದು ಕಡೆ ಹಾಕ್ತಾ ಇದ್ದಿ. ಅದರಲ್ಲಿ ಎಂತ ಉಂಟು?"

"ಸುದ್ದಿ ಉಂಟು ಮಾವ," ಅಂದೆ. ಆ ಸುದ್ದಿ ಏನು, ಅದನ್ನು ಓದುವುದು ಹೇಗೆ, ಓದುವಾಗ ಎಲ್ಲಿ ಎಡವುತ್ತೇವೆ ಅಂತ ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮೈಯ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಅದರಲ್ಲಿ ಪ್ರೋಟೀನ್ ಮಾಡಲು ಹೇಳಿಕೊಡುವ ಜೀನ್‌ಗಳು ಸುಮಾರು 20,000. ಲಿವರಿನ ಕೋಶಕ್ಕೂ ಮೆದುಳಿನ ಕೋಶಕ್ಕೂ ಪುಸ್ತಕ ಒಂದೇ, ತೆರೆದ ಪುಟ ಮಾತ್ರ ಬೇರೆ. ಯಾವ ಜೀನ್ ಯಾವಾಗ ಎದ್ದಿತು, ಎಷ್ಟು ಜೋರಾಗಿ ಕೆಲಸ ಮಾಡಿತು, ಯಾವಾಗ ಸುಮ್ಮನಾಯಿತು, ಇದನ್ನೇ ಜೀನ್ ಎಕ್ಸ್‌ಪ್ರೆಶನ್ ಅನ್ನುತ್ತಾರೆ. ಗಾಯ ಆದಾಗ, ಸೋಂಕು ತಗುಲಿದಾಗ, ಒಂದು ಮದ್ದು ಒಳಗೆ ಹೋದಾಗ ಕೆಲವು ಜೀನ್‌ಗಳು ಗಂಟೆಯೊಳಗೆ ಎದ್ದು ಮತ್ತೆ ಮಲಗಿಬಿಡುತ್ತವೆ. ಹಾಗಾಗಿ ಒಂದು ಸಲ ನೋಡಿದರೆ ಸಾಲುವುದಿಲ್ಲ, ನೋಡುತ್ತಾ ಇರಬೇಕು.

ಆದರೆ ಜೀನ್ ಕೆಲಸ ಮಾಡುವುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಪ್ರತಿ ಜೀನಿನ ಮುಂದೆ ಡಿಎನ್‌ಎಯ ಒಂದು ತುಂಡು ಸ್ವಿಚ್ಚಿನ ಹಾಗೆ ಕೆಲಸ ಮಾಡುತ್ತದೆ. ಅದಕ್ಕೆ ಪ್ರೊಮೋಟರ್ ಅಂತ ಹೆಸರು. ತೋಟದ ಕೆರೆಯ ಹತ್ತಿರ ಪಂಪು ಇದೆ ಅಂದುಕೊಳ್ಳಿ. ಮನೆಯ ಜಗಲಿಯಿಂದ ಅದು ಕಾಣುವುದಿಲ್ಲ. ಪಂಪಿನ ಸ್ವಿಚ್ಚಿನ ಹಾಗೆಯೇ ಇರುವ ಇನ್ನೊಂದು ಸ್ವಿಚ್ ತಂದು, ಅದಕ್ಕೆ ಜಗಲಿಯ ಬಲ್ಬು ಜೋಡಿಸಿದಿರಿ. ಪಂಪು ಹಾಕುವ ಕೈಯೇ ಇದನ್ನೂ ಹಾಕುತ್ತದೆ ಅಂತಾದರೆ, ಬಲ್ಬು ಉರಿದರೆ ಪಂಪು ಓಡುತ್ತಿದೆ ಅಂತ ಅರ್ಥ. ಲ್ಯಾಬಿನಲ್ಲಿ ನಾವು ಮಾಡುವುದೂ ಅದೇ. ನಮಗೆ ಬೇಕಾದ ಜೀನಿನ ಪ್ರೊಮೋಟರನ್ನು ನಕಲು ಮಾಡಿ, ಅದರ ಹಿಂದೆ ಸುಲಭವಾಗಿ ಕಾಣುವ ಒಂದು ಪ್ರೋಟೀನಿನ ಜೀನ್ ಜೋಡಿಸಿ, ಕೋಶದೊಳಗೆ ಸೇರಿಸುತ್ತೇವೆ. ಆ ಪ್ರೋಟೀನೇ ರಿಪೋರ್ಟರ್. ಸುದ್ದಿ ತರುವವನು.

ಈ ರಿಪೋರ್ಟರ್‌ಗಳಲ್ಲಿ ಎಲ್ಲರಿಗೂ ಪ್ರಿಯವಾದದ್ದು ಒಂದು ಜೆಲ್ಲಿಮೀನಿನಿಂದ ಬಂತು. 1961ರ ಬೇಸಿಗೆಯಲ್ಲಿ ಒಸಾಮು ಶಿಮೊಮುರ ಎಂಬ ಜಪಾನಿ ವಿಜ್ಞಾನಿ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರಿನಲ್ಲಿ ಸುಮಾರು 10,000 ಜೆಲ್ಲಿಮೀನು ಹಿಡಿದು, ಅವುಗಳ ಅಂಚು ಕತ್ತರಿಸಿ ಹಿಂಡಿ, ಬೆಳಕು ಕೊಡುವ ವಸ್ತುವನ್ನು ಹುಡುಕುತ್ತಿದ್ದರು. ಅದು ಸಿಕ್ಕಿತು. ಅದರ ಜೊತೆಗೆ ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನೂ ಸಿಕ್ಕಿತು. ಅದೇ ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್, ಚಿಕ್ಕದಾಗಿ ಜಿಎಫ್‌ಪಿ. 1992ರಲ್ಲಿ ಡಗ್ಲಸ್ ಪ್ರಾಶರ್ ಅದರ ಜೀನನ್ನು ಬಿಡಿಸಿ ತೆಗೆದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದನ್ನು ಬ್ಯಾಕ್ಟೀರಿಯಾ ಮತ್ತು ಒಂದು ಪುಟ್ಟ ಹುಳದೊಳಗೆ ಹಾಕಿ, ಅಲ್ಲೂ ಅದು ಹಸಿರಾಗಿ ಹೊಳೆಯುತ್ತದೆ ಎಂದು ತೋರಿಸಿದರು. ರೋಜರ್ ಚೆನ್ ಅದನ್ನು ತಿದ್ದಿ, ಹೆಚ್ಚು ಹೊಳಪಿನ, ಬೇರೆ ಬೇರೆ ಬಣ್ಣದ ಪ್ರೋಟೀನ್‌ಗಳನ್ನು ಮಾಡಿದರು. 2008ರ ರಸಾಯನಶಾಸ್ತ್ರದ ನೊಬೆಲ್ ಶಿಮೊಮುರ, ಚಾಲ್ಫಿ, ಚೆನ್ ಮೂವರಿಗೂ ಬಂತು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2020ರ ಕೊನೆಯಲ್ಲಿ ಮಲ್ಪೆ, ಮಟ್ಟು ಕಡೆ ರಾತ್ರಿ ಅಲೆಗಳು ನೀಲಿಯಾಗಿ ಮಿಂಚಿದ್ದು ನೆನಪಿದೆ ಅಲ್ವಾ? ಊರಿಗೆ ಊರೇ ಬೀಚಿಗೆ ಹೋಗಿತ್ತು. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿ. ಕತ್ತಲಲ್ಲಿ ತನ್ನ ಬೆಳಕನ್ನು ತಾನೇ ರಾಸಾಯನಿಕ ಕ್ರಿಯೆಯಿಂದ ಮಾಡಿಕೊಳ್ಳುತ್ತದೆ. ಜಿಎಫ್‌ಪಿ ಹಾಗಲ್ಲ. ಅದಕ್ಕೆ ಹೊರಗಿನಿಂದ ನೀಲಿ ಬೆಳಕು ಕೊಡಬೇಕು, ಆಗ ಹಸಿರು ಬೆಳಕು ವಾಪಸ್ ಕೊಡುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಒಂದು ಚಿಟಿಕೆ ಅರಿಶಿನವನ್ನು ಸ್ವಲ್ಪ ಸ್ಯಾನಿಟೈಸರಿನಲ್ಲಿ ಕದಡಿ, ಅಂಗಡಿಯಲ್ಲಿ ಖೋಟಾ ನೋಟು ನೋಡುವ ನೇರಳೆ ದೀಪದ ಕೆಳಗೆ ಇಡಿ. ಹಳದಿ ನೀರು ಹಸಿರು ಮಿಶ್ರಿತ ಹೊಳಪು ಕೊಡುತ್ತದೆ. ದೀಪ ಆರಿಸಿದರೆ ಹೊಳಪೂ ಹೋಯಿತು. ಫ್ಲೋರೆಸೆನ್ಸ್ ಅಂದರೆ ಇದು.

ಸರಿ, ಹೊಳೆಯುವ ಪ್ರೋಟೀನ್ ಸಿಕ್ಕಿತು. ಕೋಶದೊಳಗೆ ಅದು ತುಂಬಿದರೆ ಮೈಕ್ರೋಸ್ಕೋಪಿನಲ್ಲಿ ಹಸಿರು ಚುಕ್ಕಿಗಳು ಕಾಣುತ್ತವೆ. ತುಂಬ ಚೆಂದ. ಆದರೆ ನೂರಾರು ಸ್ಯಾಂಪಲ್ ಇದ್ದಾಗ ಎಲ್ಲವನ್ನೂ ಮೈಕ್ರೋಸ್ಕೋಪಿನ ಕೆಳಗೆ ಹಿಡಿದು ದಿನವಿಡೀ ಕೂರಲು ಆಗುವುದಿಲ್ಲ. ಹಳೆಯ ದಾರಿಯಲ್ಲಿ ಕೋಶಗಳನ್ನು ಒಡೆದು, ಒಳಗಿನ ರಸ ತೆಗೆದು ಅಳೆಯುತ್ತಾರೆ. ಒಡೆದ ಮೇಲೆ ಆ ಕೋಶದ ಕತೆ ಮುಗಿಯಿತು. ಮುಂದಿನ ಗಂಟೆಯಲ್ಲಿ ಅದೇನು ಮಾಡುತ್ತಿತ್ತೋ ಗೊತ್ತಾಗುವುದಿಲ್ಲ. ಹಾಗಾಗಿ ಐದು ಹೊತ್ತಿನ ಲೆಕ್ಕ ಬೇಕಾದರೆ ಐದು ಬೇರೆ ಬೇರೆ ಡಿಶ್ ಇಡಬೇಕು. ಪ್ರತಿಯೊಂದಕ್ಕೂ ಮೂರು ಪ್ರತಿ ಅಂದರೆ ಹದಿನೈದು. ಆಮೇಲೆ ಬೆಳಿಗ್ಗೆ ಒಡೆದ ಡಿಶ್ಶೂ ಸಂಜೆ ಒಡೆದ ಡಿಶ್ಶೂ ಒಂದೇ ತರ ಇದ್ದವು ಅಂತ ನಂಬಿಕೊಳ್ಳಬೇಕು.

ಮಾವನಿಗೆ ನಾನು ಹೇಳಿದ್ದು ಇಷ್ಟು: "ರಬ್ಬರ್ ಹಾಲು ಎಷ್ಟು ಉಂಟು ಅಂತ ನೋಡ್ಲಿಕ್ಕೆ ನೀವು ಮರ ಕಡಿಯುದಿಲ್ಲ ಅಲ್ವಾ?" ಅವರು ತಟ್ಟನೆ ಹಿಡಿದರು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೋಗಿ, ತೊಗಟೆಯಲ್ಲಿ ಒಂದು ಓರೆ ಗೀರು ಎಳೆದು, ಕೆಳಗೆ ಗೆರಟೆ ಇಟ್ಟು ಬಂದರೆ ಆಯಿತು. ಹಾಲು ತಾನೇ ಹೊರಗೆ ಬರುತ್ತದೆ. ಮರ ಬದುಕಿರುತ್ತದೆ. ಅದೇ ಮರವನ್ನು ಮತ್ತೆ ಮತ್ತೆ ಕೇಳಬಹುದು. ನಮ್ಮ ರಿಪೋರ್ಟರನ್ನೂ ಕೋಶ ತಾನಾಗಿಯೇ ಹೊರಗೆ ಬಿಡುವ ಹಾಗೆ ಮಾಡಿದರೆ? ಕೋಶ ಮುಳುಗಿರುವ ಮೀಡಿಯಂನಲ್ಲಿ ಅದು ಬಂದು ಸೇರುತ್ತದೆ. ನಾವು ಅರ್ಧ ಹನಿ ಎತ್ತಿಕೊಂಡರೆ ಸಾಕು. ಕೋಶವನ್ನು ಮುಟ್ಟುವುದೇ ಬೇಡ.

ಕೋಶದಿಂದ ಪ್ರೋಟೀನ್ ಹೊರಗೆ ಹೋಗುವುದು ಹೊಸ ವಿದ್ಯೆ ಏನಲ್ಲ. ಮೇದೋಜೀರಕದ ಕೋಶಗಳು ಇನ್ಸುಲಿನನ್ನು ದಿನಾ ಹೊರಗೆ ಕಳಿಸುತ್ತವೆ. ಹೊರಗೆ ಹೋಗಬೇಕಾದ ಪ್ರೋಟೀನಿನ ತಲೆಯ ಕಡೆ ಅಮೈನೋ ಆಮ್ಲಗಳ ಒಂದು ಪುಟ್ಟ ಬಾಲಂಗೋಚಿ ಇರುತ್ತದೆ. ಅದಕ್ಕೆ ಸಿಗ್ನಲ್ ಪೆಪ್ಟೈಡ್ ಅಂತ ಹೆಸರು. ಇನ್ಸುಲಿನ್ ಮೊದಲು ತಯಾರಾಗುವಾಗ 110 ಅಮೈನೋ ಆಮ್ಲಗಳ ಸರ ಆಗಿರುತ್ತದೆ. ಅದರಲ್ಲಿ ಮೊದಲ 24 ಈ ಸಿಗ್ನಲ್. ಡೇರೆ ಮೇಳದ ಆಟಕ್ಕೆ ಹೋದಾಗ ಬಾಗಿಲಲ್ಲಿ ಟಿಕೆಟ್ ಹರಿದು ಒಳಗೆ ಬಿಡುತ್ತಾರಲ್ಲ, ಹಾಗೆಯೇ ಇದು. ಸಿಗ್ನಲ್ ತೋರಿಸಿದ ಪ್ರೋಟೀನಿಗೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಕೋಣೆಯ ಬಾಗಿಲು ತೆರೆಯುತ್ತದೆ. ಬಾಗಿಲಲ್ಲೇ ಸಿಗ್ನಲ್ ತುಂಡಾಗುತ್ತದೆ. ಒಳಗೆ ಪ್ರೋಟೀನ್ ಸರಿಯಾಗಿ ಮಡಚಿಕೊಂಡು, ಗಾಲ್ಗಿ ಎಂಬ ಮುಂದಿನ ಕೋಣೆಗೆ ಹೋಗಿ, ಅಲ್ಲಿಂದ ಪುಟ್ಟ ಚೀಲಗಳಲ್ಲಿ ತುಂಬಿ ಕೋಶದ ಅಂಚಿಗೆ ಬಂದು ಹೊರಗೆ ಬೀಳುತ್ತದೆ. ಪ್ರೋಟೀನ್‌ಗಳಿಗೆ ಹೀಗೆ ತಮ್ಮದೇ ವಿಳಾಸ ಇರುತ್ತದೆ ಎಂದು ಕಂಡುಕೊಂಡದ್ದಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಹಾಗಾದರೆ ಜಿಎಫ್‌ಪಿಯ ಮುಂದೆ ಒಂದು ಸಿಗ್ನಲ್ ಅಂಟಿಸಿದರೆ ಮುಗಿಯಿತಲ್ಲ? ಅಷ್ಟು ಸುಲಭ ಇಲ್ಲ. ಈ ಭಾಗ ನನಗೆ ತುಂಬ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಜಿಎಫ್‌ಪಿ 238 ಅಮೈನೋ ಆಮ್ಲಗಳ ಸರ. ಮಡಚಿಕೊಂಡಾಗ ಒಂದು ಡ್ರಮ್ಮಿನ ಆಕಾರ ಬರುತ್ತದೆ. ಡ್ರಮ್ಮಿನ ಗೋಡೆಗೆ 11 ಪಟ್ಟಿಗಳು. ಒಳಗೆ ನಡುವಿನಲ್ಲಿ 65, 66, 67ನೆಯ ಅಮೈನೋ ಆಮ್ಲಗಳು ಸೇರಿ ಬಣ್ಣದ ಬೀಜ ಆಗುತ್ತವೆ. ಡ್ರಮ್ಮು ಸರಿಯಾಗಿ ಮುಚ್ಚಿಕೊಂಡರೆ ಮಾತ್ರ ಬೀಜ ಹೊಳೆಯುತ್ತದೆ. ಜೆಲ್ಲಿಮೀನಿನಲ್ಲಿ ಈ ಪ್ರೋಟೀನ್ ಕೋಶದ ಒಳಗೇ ಇರುತ್ತಿತ್ತು, ಹೊರಗೆ ಹೋಗುವ ದಾರಿ ಹಿಡಿಯುತ್ತಿರಲಿಲ್ಲ. ಆ ದಾರಿಯ ಮೊದಲ ಕೋಣೆಯ ಗುಣವೇ ಬೇರೆ. ಅಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಎದುರುಬದುರು ಬಂದರೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಇನ್ಸುಲಿನಿಗೆ ಆ ಕೊಂಡಿ ಬೇಕೇ ಬೇಕು. ಜಿಎಫ್‌ಪಿಗೆ ಅದೇ ಶತ್ರು. ಅದರಲ್ಲಿ 48 ಮತ್ತು 70ನೆಯ ಸ್ಥಾನಗಳಲ್ಲಿ ಎರಡು ಸಿಸ್ಟೀನ್ ಇವೆ. ಮಡಚಿಕೊಳ್ಳುವ ಮೊದಲೇ ಅವು ಪಕ್ಕದ ಪ್ರೋಟೀನಿನ ಸಿಸ್ಟೀನಿಗೆ ಗಂಟು ಬಿದ್ದರೆ ಡ್ರಮ್ಮು ಮುಚ್ಚುವುದಿಲ್ಲ. ಹಾಗೆ ಗಂಟು ಬಿದ್ದ ಪ್ರೋಟೀನ್ ಹೊಳೆಯುವುದಿಲ್ಲ, ಸರಿಯಾಗಿ ಹೊರಗೂ ಹೋಗುವುದಿಲ್ಲ. ಜೀನ್ ಜೋರಾಗಿ ಕೆಲಸ ಮಾಡುತ್ತಿದ್ದರೂ ನಮಗೆ ಮಬ್ಬು ಬೆಳಕು ಮಾತ್ರ.

ಇದಕ್ಕೆ ಎರಡು ಪರಿಹಾರ ಸಿಕ್ಕಿದೆ. 2006ರಲ್ಲಿ ಬಂದ ಸೂಪರ್‌ಫೋಲ್ಡರ್ ಜಿಎಫ್‌ಪಿ ಎಷ್ಟು ಬೇಗ ಮಡಚಿಕೊಳ್ಳುತ್ತದೆ ಅಂದರೆ, ತಪ್ಪು ಗಂಟು ಬೀಳಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಇನ್ನೊಂದು ದಾರಿ, ಸಿಸ್ಟೀನೇ ಇಲ್ಲದ ಪ್ರೋಟೀನ್ ಆರಿಸಿಕೊಳ್ಳುವುದು. ಚೆನ್ ಅವರ ಲ್ಯಾಬಿನಿಂದ 2004ರಲ್ಲಿ ಬಂದ ಎಂಚೆರಿ ಅಂಥದ್ದು. ಹವಳದ ಜಾತಿಯ ಒಂದು ಜೀವಿಯ ಕೆಂಪು ಪ್ರೋಟೀನನ್ನು ತಿದ್ದಿ ತಿದ್ದಿ ಮಾಡಿದ್ದು. ಅದಕ್ಕೆ ಇನ್ನೊಂದು ಒಳ್ಳೆಯ ಗುಣ ಇದೆ. ಕೋಶದಿಂದ ಹೊರಗೆ ಹೋಗುವ ಚೀಲಗಳ ಒಳಗೆ ಹುಳಿ ಜಾಸ್ತಿ. ಹುಳಿಯಲ್ಲಿ ಸಾಮಾನ್ಯ ಜಿಎಫ್‌ಪಿಯ ಹೊಳಪು ಇಳಿಯುತ್ತದೆ. ಎಂಚೆರಿ ಅದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ.

ಕೆಂಪು ಬಣ್ಣದಿಂದ ಇನ್ನೂ ಒಂದು ಲಾಭ ಇದೆ. ಅದನ್ನು ನಾನು ಕಷ್ಟಪಟ್ಟೇ ಕಲಿತೆ.

ನಮ್ಮ ಪ್ಲೇಟ್ ನೋಡಲು ಚೆನ್ನೆಮಣೆಯ ಹಾಗೆ ಇರುತ್ತದೆ. ಚೆನ್ನೆಮಣೆಯಲ್ಲಿ 14 ಗುಳಿ, ಇದರಲ್ಲಿ 96. ಅಂಗೈಯಷ್ಟು ದೊಡ್ಡ ಪ್ಲಾಸ್ಟಿಕ್ ಮಣೆ, ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ. ಒಂದೊಂದು ಗುಳಿಯ ತಳದಲ್ಲಿ ಸಾವಿರಾರು ಕೋಶಗಳು ಅಂಟಿಕೊಂಡಿರುತ್ತವೆ. ಅವುಗಳ ಮೇಲೆ 200 ಮೈಕ್ರೋಲೀಟರ್ ಮೀಡಿಯಂ. ಅದರ ಬಣ್ಣ ಕೆಂಪು. ಕೋಶಗಳಿಗೆ ಆ ಬಣ್ಣ ಬೇಕಿಲ್ಲ. ಅದು ನಮಗಾಗಿ ಹಾಕಿದ ಫೀನಾಲ್ ರೆಡ್. ಆರತಿಯ ಕೆಂಪು ನೀರು ನೆನಪು ಮಾಡಿಕೊಳ್ಳಿ. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪು, ಅದಕ್ಕೆ ಲಿಂಬೆ ಹಿಂಡಿದರೆ ಮತ್ತೆ ಹಳದಿ. ಮೀಡಿಯಮ್ಮೂ ಹುಳಿಯಾದರೆ ಹಳದಿಗೆ ತಿರುಗುತ್ತದೆ. ಕೋಶಗಳು ಜಾಸ್ತಿಯಾಗಿವೆ, ಮೀಡಿಯಂ ಬದಲಿಸು ಅಂತ ಅದರ ಸೂಚನೆ.

ನಾನು ಮೊದಲ ಸಲ ಈ ಪ್ರಯೋಗ ಮಾಡಿದಾಗ ಅದೇ ಮೀಡಿಯಮ್ಮಿನಲ್ಲಿ ಹಸಿರು ಬೆಳಕು ಅಳೆದೆ. ರಿಪೋರ್ಟರ್ ಇರುವ ಗುಳಿಗೂ ಇಲ್ಲದ ಗುಳಿಗೂ ಹೆಚ್ಚುಕಮ್ಮಿ ಒಂದೇ ಸಂಖ್ಯೆ. ಜೀನ್ ಏಳಲೇ ಇಲ್ಲ ಅಂದುಕೊಂಡು ಎರಡು ವಾರ ಕೋಶಗಳ ಹಿಂದೆ ಬಿದ್ದೆ. ಕೊನೆಗೆ ಲ್ಯಾಬಿನ ಅಕ್ಕ ಒಬ್ಬರು, "ಕೋಶವೇ ಹಾಕಬೇಡ, ಬರೀ ಮೀಡಿಯಂ ಅಳೆದು ನೋಡು," ಅಂದರು. ನೋಡಿದೆ. ಬರೀ ಮೀಡಿಯಮ್ಮೇ ಹಸಿರಾಗಿ ಹೊಳೆಯುತ್ತಿತ್ತು! ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದ ದಿನ ಮೂತ್ರ ಗಾಢ ಹಳದಿ ಆಗುವುದು ರೈಬೋಫ್ಲೇವಿನ್ ಎಂಬ ವಿಟಮಿನ್ನಿನಿಂದ. ಕೋಶಗಳ ಊಟಕ್ಕೂ ಅದನ್ನು ಹಾಕಿರುತ್ತಾರೆ. ನೀಲಿ ಬೆಳಕು ಬಿದ್ದರೆ ಅದು ಹಸಿರು ಕೊಡುತ್ತದೆ, ಜಿಎಫ್‌ಪಿ ಕೊಡುವ ಜಾಗದಲ್ಲೇ. ಕೋಶಗಳ ಊಟಕ್ಕೆ ಸೇರಿಸುವ ಸೀರಂ, ಅಂದರೆ ರಕ್ತದಿಂದ ತೆಗೆದ ತಿಳಿ, ಮತ್ತು ಫೀನಾಲ್ ರೆಡ್ ಕೂಡ ತಮ್ಮ ಪಾಲು ಸೇರಿಸುತ್ತವೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಂಡ ಹಾಗಾಯಿತು.

ಕೋಶದ ಒಳಗಿನ ಜಿಎಫ್‌ಪಿ ಒಂದೇ ಪುಟ್ಟ ಜಾಗದಲ್ಲಿ ಒತ್ತೊತ್ತಾಗಿ ಇರುತ್ತದೆ, ಹಾಗಾಗಿ ಗದ್ದಲದಲ್ಲೂ ಕಾಣುತ್ತದೆ. ಹೊರಗೆ ಬಂದದ್ದು ಇಡೀ ಗುಳಿಯ ನೀರಿಗೆ ಹರಡಿ ತೆಳುವಾಗುತ್ತದೆ. ಹೊರಗೆ ಬರುವ ರಿಪೋರ್ಟರಿನ ದೊಡ್ಡ ಕಷ್ಟವೇ ಇದು. ಆಮೇಲಿಂದ ನಾನು ಫೀನಾಲ್ ರೆಡ್ ಇಲ್ಲದ ಮೀಡಿಯಂ ಬಳಸುತ್ತೇನೆ, ಸೀರಂ ಕಮ್ಮಿ ಮಾಡುತ್ತೇನೆ. ಬರೀ ಮೀಡಿಯಂ ಇರುವ ಮೂರು ಗುಳಿ ಯಾವಾಗಲೂ ಇಡುತ್ತೇನೆ. ಸಾಧ್ಯವಾದಲ್ಲಿ ಎಂಚೆರಿಗೆ ಹೋಗುತ್ತೇನೆ. ಕೆಂಪಿನ ಕಡೆ ಗದ್ದಲ ತುಂಬ ಕಮ್ಮಿ.

ಬೆಳಕು ತೀರಾ ಕಮ್ಮಿ ಇದ್ದರೆ ಎಂಜೈಮ್ ರಿಪೋರ್ಟರ್‌ಗಳಿವೆ. ಸೀಪ್ ಎಂಬುದು 1988ರಿಂದ ಬಳಕೆಯಲ್ಲಿದೆ. ಗೌಸಿಯಾ ಲೂಸಿಫರೇಸ್ ಅಂತ ಇನ್ನೊಂದು, ಅದರ ಮೂಲ ಆಳ ಸಮುದ್ರದ ಒಂದು ಪುಟ್ಟ ಕಠಿಣಚರ್ಮಿ. ಆ ಜೀವಿಯೇ ಅದನ್ನು ಹೊರಗೆ ಬಿಡುತ್ತಿದ್ದುದರಿಂದ ನಾವು ಪ್ರತ್ಯೇಕ ಸಿಗ್ನಲ್ ಅಂಟಿಸುವುದೇ ಬೇಡ. ಫ್ಲೋರೆಸೆಂಟ್ ಪ್ರೋಟೀನ್ ಒಂದು ಇದ್ದರೆ ಒಂದೇ ದೀಪ. ಎಂಜೈಮ್ ಒಂದು ಇದ್ದರೆ ಅದು ಅಳೆಯುವಾಗ ನಾವು ಹಾಕುವ ಒಂದು ರಾಸಾಯನಿಕದ ಕಣಗಳನ್ನು ಒಂದಾದ ಮೇಲೊಂದು ಉರಿಸುತ್ತಾ ಹೋಗುತ್ತದೆ. ಹಾಗಾಗಿ ಸಣ್ಣ ಸುದ್ದಿಯೂ ದೊಡ್ಡದಾಗಿ ಕೇಳುತ್ತದೆ. ಆದರೆ ಪ್ರತಿ ಸಲ ಆ ರಾಸಾಯನಿಕ ಹಾಕಬೇಕು, ಅದಕ್ಕೆ ದುಡ್ಡು. ಫ್ಲೋರೆಸೆಂಟ್ ಪ್ರೋಟೀನಿಗೆ ಬೆಳಕು ಬಿಟ್ಟರೆ ಬೇರೆ ಏನೂ ಬೇಡ. ದಿನಕ್ಕೆ ಆರು ಸಲ ಅಳೆಯುವವರಿಗೆ ಅದೇ ದೊಡ್ಡ ಸಮಾಧಾನ.

ಇನ್ನು ಸಂಖ್ಯೆಗಳನ್ನು ಓದುವ ವಿಷಯ. ಜಾಸ್ತಿ ಜನ ತಪ್ಪುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಮಂಗಳೂರಿನವರಿಗೆ ಮಳೆಮಾಪಕ ಗೊತ್ತು. ಪಣಂಬೂರಿನಲ್ಲಿ ಇಷ್ಟು ಮಿಲಿಮೀಟರ್, ಬಜ್ಪೆಯಲ್ಲಿ ಇಷ್ಟು ಅಂತ ಜೂನ್ ಬಂದರೆ ದಿನಾ ಓದುತ್ತೇವೆ. ಆ ಲೆಕ್ಕ ನಿನ್ನೆ ಬೆಳಿಗ್ಗೆ 8.30ರಿಂದ ಇವತ್ತು ಬೆಳಿಗ್ಗೆ 8.30ರವರೆಗಿನದ್ದು. 8.30ಕ್ಕೆ ಅಳೆದು ಪಾತ್ರೆ ಖಾಲಿ ಮಾಡುತ್ತಾರೆ. ಖಾಲಿ ಮಾಡದೆ ಹಾಗೇ ಬಿಟ್ಟಿದ್ದರೆ? ಒಂದು ವಾರದಲ್ಲಿ ನೀರು ಏರುತ್ತಲೇ ಹೋಗುತ್ತಿತ್ತು. ಏಳನೆಯ ದಿನ ಒಂದು ಹನಿ ಮಳೆ ಬಾರದಿದ್ದರೂ ಪಾತ್ರೆಯಲ್ಲಿ ನೀರು ತುಂಬಿಯೇ ಇರುತ್ತಿತ್ತು.

ಹೊರಗೆ ಬಂದ ರಿಪೋರ್ಟರ್ ಹಾಗೆಯೇ. ಅದು ಗಟ್ಟಿ ಪ್ರೋಟೀನ್, ಮೀಡಿಯಮ್ಮಿನಲ್ಲಿ ದಿನಗಟ್ಟಲೆ ಹಾಳಾಗದೆ ಉಳಿಯುತ್ತದೆ. ಉದಾಹರಣೆಗೆ ಒಂದು ಗುಳಿಯ ಬೆಳಕಿನ ಲೆಕ್ಕ ಹೀಗೆ ಬಂತು ಅಂದುಕೊಳ್ಳೋಣ. ಶುರುವಿನಲ್ಲಿ 50. ನಾಲ್ಕನೆಯ ಗಂಟೆಗೆ 90. ಎಂಟಕ್ಕೆ 210. ಹನ್ನೆರಡಕ್ಕೆ 250. ಇಪ್ಪತ್ತನಾಲ್ಕಕ್ಕೆ 310. ಗ್ರಾಫ್ ಹಾಕಿದರೆ ಗೆರೆ ಏರುತ್ತಲೇ ಹೋಗುತ್ತದೆ. ಜೀನ್ ಕೊನೆಯಲ್ಲಿ ಅತಿ ಜೋರಾಗಿತ್ತು ಅಂತ ಬರೆಯಲು ಕೈ ತುರಿಸುತ್ತದೆ. ಅದು ತಪ್ಪು. ವ್ಯತ್ಯಾಸ ತೆಗೆಯಿರಿ. ಮೊದಲ ನಾಲ್ಕು ಗಂಟೆಯಲ್ಲಿ ಬಂದದ್ದು 40, ಅಂದರೆ ಗಂಟೆಗೆ 10. ಮುಂದಿನ ನಾಲ್ಕರಲ್ಲಿ 120, ಗಂಟೆಗೆ 30. ಆಮೇಲೆ ಮತ್ತೆ ಗಂಟೆಗೆ 10. ಕೊನೆಯ ಹನ್ನೆರಡು ಗಂಟೆಯಲ್ಲಿ 60, ಅಂದರೆ ಗಂಟೆಗೆ ಬರೀ 5. ಮಳೆ ಜೋರಾಗಿ ಹೊಡೆದದ್ದು ನಾಲ್ಕು ಮತ್ತು ಎಂಟು ಗಂಟೆಗಳ ನಡುವೆ. 310 ಕಂಡ ಹೊತ್ತಿಗೆ ಮಳೆ ಹೆಚ್ಚುಕಮ್ಮಿ ನಿಂತಿತ್ತು.

ಪಾತ್ರೆಯನ್ನು ಖಾಲಿ ಮಾಡಿದರೆ ಆಗದೇ? ಕೆಲವರು ಮಾಡುತ್ತಾರೆ. ಪ್ರತಿ ಸಲ ಹಳೆ ಮೀಡಿಯಂ ಪೂರ್ತಿ ತೆಗೆದು ಹೊಸದು ಹಾಕುತ್ತಾರೆ. ಆದರೆ ಹೊಸ ಸೀರಂ ಸಿಕ್ಕಿದ ಕೂಡಲೇ ಕೆಲವು ಜೀನ್‌ಗಳು ಎದ್ದು ಕೂರುತ್ತವೆ. ಆಗ ನಾವು ನೋಡುವುದು ಮದ್ದಿನ ಪರಿಣಾಮವೋ ಹೊಸ ಊಟದ ಪರಿಣಾಮವೋ ಹೇಳಲು ಬರುವುದಿಲ್ಲ. ನಾನು ಸ್ವಲ್ಪ ಸ್ವಲ್ಪ ಎತ್ತುವ ದಾರಿಯೇ ಹಿಡಿದಿದ್ದೇನೆ. ಅದರಲ್ಲೂ ಲೆಕ್ಕ ಇಡಬೇಕು. 200ರಲ್ಲಿ 20 ತೆಗೆದರೆ 180 ಉಳಿಯಿತು, ಇನ್ನೊಮ್ಮೆ ತೆಗೆದರೆ 160. ಕೋಶ ಕಳಿಸುವುದು ಅಷ್ಟೇ ಆದರೂ, ನೀರು ಕಮ್ಮಿಯಾದ್ದರಿಂದ ಬೆಳಕು ಗಾಢವಾಗಿ ಕಾಣುತ್ತದೆ. ಅಂಚಿನ ಗುಳಿಗಳಲ್ಲಂತೂ 37 ಡಿಗ್ರಿ ಬಿಸಿಗೆ ನೀರು ಆರುತ್ತದೆ, ಅಲ್ಲಿಯ ಸಂಖ್ಯೆ ಸುಮ್ನೆ ಮೇಲೆ ಹೋಗುತ್ತದೆ. ಅದಕ್ಕೇ ಅಂಚಿನ ಸಾಲುಗಳಿಗೆ ಬರೀ ನೀರು ತುಂಬಿ, ಕೋಶಗಳನ್ನು ನಡುವಿನ 60 ಗುಳಿಗಳಲ್ಲಿ ಇಡುವ ರೂಢಿ. ಮುಚ್ಚಳ ತೆರೆದಷ್ಟೂ ಫಂಗಸ್ಸಿನ ಭಯ ಬೇರೆ. ನಮ್ಮ ಕರಾವಳಿಯ ಆಷಾಢದಲ್ಲಿ ಕೋಶ ಬೆಳೆಸಿದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ತಡವಾಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಘಟ್ಟದಲ್ಲಿ ಮಳೆ ಹೊಡೆದ ಕೂಡಲೇ ಬಂಟ್ವಾಳದಲ್ಲಿ ನೇತ್ರಾವತಿ ಏರುವುದಿಲ್ಲ, ನೀರು ಹರಿದು ಬರಬೇಕು. ಜೀನ್ ಎದ್ದ ಮೇಲೆ ಆರ್‌ಎನ್‌ಎ ಎಂಬ ಅದರ ಪ್ರತಿ ತಯಾರಾಗಿ, ಪ್ರೋಟೀನ್ ಆಗಿ, ಮಡಚಿ, ಎರಡು ಕೋಣೆ ದಾಟಿ ಹೊರಗೆ ಬರಬೇಕು. ಬಣ್ಣದ ಬೀಜ ಹಣ್ಣಾಗಲು ಆಮ್ಲಜನಕವೂ ಬೇಕು, ಸಮಯವೂ ಬೇಕು. ಎಲ್ಲ ಸೇರಿ ಒಂದೆರಡು ಗಂಟೆ ಹಿಡಿದರೆ ಆಶ್ಚರ್ಯ ಇಲ್ಲ. ಹತ್ತು ನಿಮಿಷದಲ್ಲಿ ಎದ್ದು ಮಲಗುವ ಜೀನನ್ನು ಈ ದಾರಿಯಲ್ಲಿ ಹಿಡಿಯಲು ಹೊರಡಬಾರದು.

ಬದುಕಿರುವ ಪ್ರಾಣಿಯಲ್ಲಿ ಚಿತ್ರ ಬೇರೆ. ಇಲಿಯ ಮೈಯಲ್ಲಿ ಗಡ್ಡೆಯ ಕೋಶಗಳು ಗೌಸಿಯಾ ಲೂಸಿಫರೇಸ್ ಬಿಟ್ಟರೆ ಅದು ರಕ್ತಕ್ಕೆ ಸೇರುತ್ತದೆ. ಬಾಲದಿಂದ ತೆಗೆದ 5 ಮೈಕ್ರೋಲೀಟರ್ ರಕ್ತದಲ್ಲೇ ಅದನ್ನು ಅಳೆಯಬಹುದು. ಇಲಿಯನ್ನು ಕೊಲ್ಲಬೇಕಿಲ್ಲ. ರಕ್ತದಲ್ಲಿ ಅದು ಬೇಗ ಕರಗಿಹೋಗುತ್ತದೆ, ಸುಮಾರು 20 ನಿಮಿಷಕ್ಕೆ ಅರ್ಧ ಆಗುತ್ತದೆ. ಅಂದರೆ ಮೈಯೇ ಮಳೆಮಾಪಕವನ್ನು ಖಾಲಿ ಮಾಡುತ್ತಾ ಇರುತ್ತದೆ. ಹಾಗಾಗಿ ಅಲ್ಲಿ ಕಾಣುವ ಸಂಖ್ಯೆ ಈ ಹೊತ್ತಿನ ಮಳೆಗೆ ಹತ್ತಿರ.

ಗೆರಟೆಯಲ್ಲಿ ಹಾಲು ಕಮ್ಮಿ ಬಂದರೆ ಮಾವ ಮೊದಲು ಮರವನ್ನು ಬೈಯುವುದಿಲ್ಲ. ಗೀರಿನ ಮೇಲೆ ಹಾಲು ಹೆಪ್ಪುಗಟ್ಟಿದೆಯಾ, ಗೆರಟೆ ವಾಲಿದೆಯಾ ಅಂತ ನೋಡುತ್ತಾರೆ. ನಾವೂ ಹಾಗೆ ನೋಡಬೇಕು. ಒಂದು ಮದ್ದು ಹಾಕಿದೆವು, ಬೆಳಕು ಅರ್ಧಕ್ಕೆ ಇಳಿಯಿತು. ಜೀನ್ ಸುಮ್ಮನಾಯಿತಾ? ಅಥವಾ ಮದ್ದು ಹೊರಗೆ ಹೋಗುವ ದಾರಿಯನ್ನೇ ಕಟ್ಟಿತಾ? ಬ್ರೆಫೆಲ್ಡಿನ್ ಎ ಎಂಬ ವಸ್ತು ಅದನ್ನೇ ಮಾಡುತ್ತದೆ. ಮೊದಲ ಕೋಣೆಯಿಂದ ಮುಂದೆ ಹೋಗದ ಹಾಗೆ ತಡೆಯುತ್ತದೆ. ಅಥವಾ ಕೋಶಗಳೇ ಸತ್ತು ಸಂಖ್ಯೆ ಕಮ್ಮಿಯಾಯಿತಾ? ಇದನ್ನು ಬಿಡಿಸಲು ನಾವು ಎರಡು ಬಣ್ಣ ಹಾಕುತ್ತೇವೆ. ನಮಗೆ ಬೇಕಾದ ಜೀನಿನ ಸ್ವಿಚ್ಚಿಗೆ ಹಸಿರು. ಯಾವಾಗಲೂ ಒಂದೇ ಹದದಲ್ಲಿ ಓಡುವ ಇನ್ನೊಂದು ಸ್ವಿಚ್ಚಿಗೆ ಕೆಂಪು. ಎರಡಕ್ಕೂ ಅದೇ ಸಿಗ್ನಲ್ ಪೆಪ್ಟೈಡ್. ಎರಡೂ ಒಟ್ಟಿಗೆ ಇಳಿದರೆ ತೊಂದರೆ ದಾರಿಯಲ್ಲೋ ಕೋಶಗಳ ಸಂಖ್ಯೆಯಲ್ಲೋ ಇದೆ. ಹಸಿರು ಮಾತ್ರ ಇಳಿದರೆ ಆಗ ಜೀನಿನ ಕಡೆ ಬೆರಳು ತೋರಿಸಬಹುದು. ಆಗಲೂ ಒಂದು ಮಾತು ನೆನಪಿಡಬೇಕು. ನಾವು ಜೋಡಿಸಿದ್ದು ಸ್ವಿಚ್ಚಿನ ನಕಲು. ನಿಜವಾದ ಜೀನಿಗೆ ತುಂಬ ದೂರದಿಂದ ಬರುವ ತಂತಿಗಳೂ ಇರುತ್ತವೆ, ನಕಲಿಗೆ ಅವು ಇರುವುದಿಲ್ಲ. ಹಾಗಾಗಿ ಮುಖ್ಯವಾದ ಫಲಿತಾಂಶ ಬಂದರೆ ಒಮ್ಮೆಯಾದರೂ ಕೋಶ ಒಡೆದು, ಅಸಲಿ ಜೀನಿನ ಆರ್‌ಎನ್‌ಎಯನ್ನು ನೇರವಾಗಿ ಅಳೆದು ತಾಳೆ ನೋಡುತ್ತೇನೆ.

ಎಲ್ಲ ಕೇಳಿದ ಮೇಲೆ ಮಾವ ಒಂದು ಪ್ರಶ್ನೆ ಹಾಕಿದರು. "ಎಲ್ಲ ಮರದ ಹಾಲು ಒಂದೇ ಕ್ಯಾನಿಗೆ ಸುರಿದ ಮೇಲೆ, ಯಾವ ಮರ ಎಷ್ಟು ಕೊಟ್ಟಿತು ಅಂತ ಹೇಗೆ ಗೊತ್ತಾಗ್ತದೆ?"

ಗೊತ್ತಾಗುವುದಿಲ್ಲ. ಒಂದು ಗುಳಿಯ ಸಾವಿರಾರು ಕೋಶಗಳಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಕೊಟ್ಟವಾ, ನೂರು ಕೋಶ ಮಾತ್ರ ಜೋರಾಗಿ ಕೊಟ್ಟು ಉಳಿದವು ಮಲಗಿದ್ದವಾ, ಮೀಡಿಯಂ ಹೇಳುವುದಿಲ್ಲ. ಆ ಪ್ರಶ್ನೆ ಮುಖ್ಯ ಆದರೆ ಜಿಎಫ್‌ಪಿಯನ್ನು ಕೋಶದ ಒಳಗೇ ಇಟ್ಟುಕೊಂಡು ಮೈಕ್ರೋಸ್ಕೋಪಿಗೆ ಹೋಗಬೇಕು. ಆದರೆ ಮಾವನ ಪ್ರಶ್ನೆಯಲ್ಲೇ ಇನ್ನೊಂದು ದಾರಿ ಇದೆ. ಮರಕ್ಕೊಂದು ಗೆರಟೆ ಇಟ್ಟ ಹಾಗೆ ಗುಳಿಗೊಂದು ಕೋಶ ಹಾಕುವುದು. ಕೋಶಗಳನ್ನು ಎಷ್ಟು ತೆಳು ಮಾಡುತ್ತೇವೆ ಅಂದರೆ, ಒಂದು ಗುಳಿಗೆ ಸಿಕ್ಕಿದರೆ ಒಂದು, ಇಲ್ಲದಿದ್ದರೆ ಇಲ್ಲ. ಸಿಕ್ಕಿದ ಒಂದು ಕೋಶ ಎರಡಾಗಿ, ನಾಲ್ಕಾಗಿ, ಎರಡು ಮೂರು ವಾರದಲ್ಲಿ ಒಂದು ಪುಟ್ಟ ಬಳಗ ಆಗುತ್ತದೆ. ಆಗ ಪ್ರತಿ ಗುಳಿಯಿಂದ 20 ಮೈಕ್ರೋಲೀಟರ್ ಎತ್ತಿ ಅಳೆಯುತ್ತೇವೆ.

ಹೋದ ತಿಂಗಳು ಹಾಗೆ ಅಳೆದ 96 ಗುಳಿಗಳಲ್ಲಿ ಕೋಶ ಬೆಳೆದದ್ದು 31ರಲ್ಲಿ. ಅದರಲ್ಲಿ ನಾಲ್ಕು ಮಾತ್ರ ಚೆನ್ನಾಗಿ ಹೊಳೆದವು. ಯಾವುದನ್ನೂ ಒಡೆಯಬೇಕಾಗಿ ಬರಲಿಲ್ಲ. ಆ ನಾಲ್ಕನ್ನು ದೊಡ್ಡ ಡಿಶ್ಶಿಗೆ ದಾಟಿಸಿ, ಹೊಸ ಮೀಡಿಯಂ ಹಾಕಿ, ಇನ್‌ಕ್ಯುಬೇಟರಿನ ಮೇಲಿನ ತಟ್ಟೆಯಲ್ಲಿ ಇಟ್ಟಿದ್ದೇನೆ. ಎರಡನೆಯದ್ದು ಎಲ್ಲಕ್ಕಿಂತ ಬೇಗ ಬೆಳೆಯುತ್ತಿದೆ, ನಾಳೆ ಅದರ ಮೀಡಿಯಂ ಬದಲಿಸಬೇಕು.